ಕವಿ ಚಂಗಂಪುಳ ಮತ್ತು ಕ್ಷಯ: ಔಷಧ ಕಂಡುಹಿಡಿದರೆ ಸಾಕೆ, ಅದು ಮನೆ ತಲುಪಬೇಡವೆ?

ಕೊಚ್ಚಿಯ ಮೆಟ್ರೊದಲ್ಲಿ ಆಲುವಾ ಕಡೆಯಿಂದ ಬರುವವರಿಗೆ ಇಡಪ್ಪಳ್ಳಿ ನಿಲ್ದಾಣದ ನಂತರ ಚಂಗಂಪುಳ ಪಾರ್ಕ್ ಎಂಬ ನಿಲ್ದಾಣ ಸಿಗುತ್ತದೆ. ಕೊಚ್ಚಿಯ ಆಸ್ಪತ್ರೆಗಳಿಗೆ ಹೋಗಿಬರುವ ಕಾಸರಗೋಡು, ಮಂಗಳೂರು ಕಡೆಯ ಎಷ್ಟೋ ಮಂದಿ ಈ ಹೆಸರನ್ನು ಓದಿರುತ್ತಾರೆ. ಅದು ಯಾವುದೋ ಹೊಳೆಯ ಹೆಸರಲ್ಲ, ಮಲಯಾಳಂನ ಅತ್ಯಂತ ಜನಪ್ರಿಯ ಕವಿಗಳಲ್ಲಿ ಒಬ್ಬರಾದ ಚಂಗಂಪುಳ ಕೃಷ್ಣ ಪಿಳ್ಳೆಯವರ ಹೆಸರು. ಅವರು 1948ರ ಜೂನ್ 17ರಂದು ಕ್ಷಯರೋಗದಿಂದ ತೀರಿಕೊಂಡರು. ಆಗ ಅವರ ವಯಸ್ಸು ಕೇವಲ 36.

ಅವರು ತೀರಿಕೊಂಡು ನಾಲ್ಕೂವರೆ ತಿಂಗಳು ಕಳೆಯುವಷ್ಟರಲ್ಲಿ, ಕ್ಷಯದ ರೋಗಾಣುವನ್ನು ಕೊಲ್ಲುವ ಔಷಧ ನಿಜಕ್ಕೂ ಕೆಲಸ ಮಾಡುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷ್ಯ ಲಂಡನ್ನಿನಲ್ಲಿ ಪ್ರಕಟವಾಯಿತು. ಹಾಗಾದರೆ ಇನ್ನು ಕೆಲವು ತಿಂಗಳು ಬದುಕಿದ್ದರೆ ಅವರು ಉಳಿಯುತ್ತಿದ್ದರೆ? ಈ ಪ್ರಶ್ನೆಗೆ ಉತ್ತರ ನಾವು ಅಂದುಕೊಂಡಷ್ಟು ಸುಲಭವಲ್ಲ. ಒಂದು ಔಷಧ ಪ್ರಯೋಗದಲ್ಲಿ ಗೆಲ್ಲುವುದು ಬೇರೆ, ಒಂದು ಸಾಧಾರಣ ಮನೆಯ ರೋಗಿಯನ್ನು ಗುಣಪಡಿಸುವುದು ಬೇರೆ. ಈ ಎರಡರ ನಡುವಿನ ದೂರವನ್ನು ಅಳೆಯುವುದೇ ಇಂದು ವೈದ್ಯರು ನೈಜ ಬದುಕಿನ ಸಂಶೋಧನೆ ಎಂದು ಕರೆಯುವ ಕೆಲಸ. ಚಂಗಂಪುಳ ಅವರ ಬದುಕನ್ನು ಜೊತೆಗಿಟ್ಟುಕೊಂಡು ಆ ದೂರ ಎಷ್ಟಿತ್ತು, ಅದನ್ನು ಯಾರು ಹೇಗೆ ಕಡಿಮೆ ಮಾಡಿದರು ಎಂದು ನೋಡೋಣ.

ಇಡಪ್ಪಳ್ಳಿಯ ಹುಡುಗ

ಕೃಷ್ಣ ಪಿಳ್ಳೆ ಹುಟ್ಟಿದ್ದು 1911ರ ಅಕ್ಟೋಬರ್ 10ರಂದು, ಇಡಪ್ಪಳ್ಳಿಯಲ್ಲಿ. ಚಂಗಂಪುಳ ಎಂಬುದು ಮನೆತನದ ಹೆಸರು. ಮನೆಯಲ್ಲಿ ಬಡತನವಿತ್ತು. ಓದು ಇಡಪ್ಪಳ್ಳಿ, ಆಲುವಾ, ಎರ್ನಾಕುಳಂ ಎಂದು ಶಾಲೆಯಿಂದ ಶಾಲೆಗೆ ಸಾಗಿತು. ಕಷ್ಟದ ನಡುವೆಯೂ ಹುಡುಗ ಪದ್ಯ ಕಟ್ಟುವುದನ್ನು ಬಿಡಲಿಲ್ಲ. 1934ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಮೊದಲ ಕವನ ಸಂಕಲನ ಬಾಷ್ಪಾಂಜಲಿ ಹೊರಬಂತು.

ಮುಂದೆ ಅವರು ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ಓದಿದರು. ಕಾಲೇಜು ಇರುವುದು ಹಿನ್ನೀರಿನ ದಂಡೆಯ ಹತ್ತಿರ. ಅದೇ ವರ್ಷಗಳಲ್ಲಿ ಆ ಹಿನ್ನೀರಿನಲ್ಲಿ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ನೇತೃತ್ವದಲ್ಲಿ ಬಂದರಿನ ಹೂಳೆತ್ತಿ, ಆ ಮಣ್ಣಿನಿಂದಲೇ ವಿಲ್ಲಿಂಗ್ಡನ್ ಐಲ್ಯಾಂಡ್ ಎಂಬ ಹೊಸ ದ್ವೀಪವನ್ನು ಕಟ್ಟಲಾಗುತ್ತಿತ್ತು. ಬಂದರು ಬೆಳೆದಂತೆ ಊರು ಬೆಳೆಯಿತು. ಕೂಲಿ ಅರಸಿ ಜನ ಬಂದರು, ಬಾಡಿಗೆ ಕೋಣೆಗಳು ತುಂಬಿದವು. ಕ್ಷಯ ಗಾಳಿಯ ಮೂಲಕ ಹರಡುವ ರೋಗ. ಗಾಳಿ ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಹೆಚ್ಚು ಜನ ಮಲಗುವ ಕಡೆ ಅದಕ್ಕೆ ಅನುಕೂಲ ಹೆಚ್ಚು. ಭಾರತದ ಎಲ್ಲ ಬೆಳೆಯುವ ಊರುಗಳ ಕಥೆಯೂ ಆಗ ಇದೇ ಆಗಿತ್ತು.

1936ರ ಜುಲೈಯಲ್ಲಿ ಕೃಷ್ಣ ಪಿಳ್ಳೆಯವರ ಆಪ್ತ ಗೆಳೆಯ, ಅದೇ ಊರಿನ ಕವಿ ಇಡಪ್ಪಳ್ಳಿ ರಾಘವನ್ ಪಿಳ್ಳೆ ಕೊಲ್ಲಂನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆ ನೋವಿನಿಂದ ಹುಟ್ಟಿದ್ದು ರಮಣನ್ ಎಂಬ ಕಾವ್ಯ. ಬಡ ಕುರಿಗಾಹಿ ಯುವಕ ಮತ್ತು ಸಿರಿವಂತ ಮನೆಯ ಹುಡುಗಿಯ ಪ್ರೇಮ ಮುರಿದುಬೀಳುವ ಕಥೆ ಅದು. ಅದೇ ವರ್ಷ ಪ್ರಕಟವಾದ ಈ ಪುಸ್ತಕ ಮಲಯಾಳಂ ಕಾವ್ಯದಲ್ಲಿ ಅದುವರೆಗೆ ಕಾಣದಷ್ಟು ಮಾರಾಟವಾಯಿತು. ಓದಲು ಬಾರದವರೂ ಕೇಳಿ ಬಾಯಿಪಾಠ ಮಾಡಿಕೊಂಡರು. ಇಪ್ಪತ್ತೈದರ ಹರೆಯದಲ್ಲೇ ಕವಿಯ ಹೆಸರು ಕೇರಳದ ಮನೆಮನೆಗೂ ತಲುಪಿತ್ತು.

ತಿರುವನಂತಪುರ, ಪುಣೆ, ಮದ್ರಾಸ್

ಆನಂತರ ಅವರು ಮಲಯಾಳಂ ಆನರ್ಸ್ ಓದಲು ತಿರುವನಂತಪುರದ ಆರ್ಟ್ಸ್ ಕಾಲೇಜಿಗೆ ಸೇರಿದರು. ಓದುವಾಗಲೇ ಮದುವೆಯಾಯಿತು. ಸಂಸಾರ ಬೆಳೆಯಿತು, ಕವಿತೆಯ ಹೆಸರಿನಷ್ಟು ಹಣ ಮನೆಗೆ ಬರಲಿಲ್ಲ. ಹೊಟ್ಟೆಪಾಡಿಗಾಗಿ ಸೇನೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಪುಣೆಗೆ ಹೋದರು, ಮುಂದೆ ಕೊಚ್ಚಿಗೆ ಬಂದರು. ಆ ಕೆಲಸವನ್ನೂ ಬಿಟ್ಟು ಕಾನೂನು ಓದಲೆಂದು ಮದ್ರಾಸಿಗೆ ಹೋದರು. ಅದನ್ನು ಅರ್ಧಕ್ಕೇ ನಿಲ್ಲಿಸಿ ತ್ರಿಶೂರ್‌ನ ಮಂಗಳೋದಯಂ ಪ್ರಕಾಶನ ಸಂಸ್ಥೆಯ ಸಂಪಾದಕೀಯ ಬಳಗ ಸೇರಿಕೊಂಡರು.

ಈ ಅಲೆದಾಟದಲ್ಲಿ ಯಾವ ಊರಿನಲ್ಲಿ, ಯಾರಿಂದ ಕ್ಷಯದ ರೋಗಾಣು ಅವರ ದೇಹಕ್ಕೆ ಬಂತು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಇದು ಇಂದಿನ ರೋಗಿಗಳಿಗೂ ಅನ್ವಯಿಸುವ ಮಾತು. ಕ್ಷಯದ ರೋಗಾಣು ಒಳಹೊಕ್ಕ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ಹತ್ತಾರು ವರ್ಷ ಸುಮ್ಮನೆ ಮಲಗಿರಬಲ್ಲದು. ಹೆಚ್ಚಿನವರಲ್ಲಿ ಅದು ರೋಗವಾಗಿ ಬೆಳೆಯುವುದೇ ಇಲ್ಲ. ಊಟ ಸಾಲದೆ ಹೋದಾಗ, ಮಧುಮೇಹ ಬಂದಾಗ, ಎಚ್‌ಐವಿ ಸೋಂಕು ತಗುಲಿದಾಗ, ಧೂಮಪಾನ ಮತ್ತು ಕುಡಿತ ಹೆಚ್ಚಾದಾಗ ಅದು ಎದ್ದು ನಿಲ್ಲುವ ಸಾಧ್ಯತೆ ಹೆಚ್ಚು. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದರೆ ಇವರಿಂದಲೇ ಬಂತು ಎಂದು ಒಬ್ಬರತ್ತ ಬೆರಳು ತೋರಿಸಬೇಡಿ.

ಕವಿಗಳ ಕಾಯಿಲೆ ಎಂಬ ಸುಳ್ಳು

ಖ್ಯಾತಿಯ ಶಿಖರದಲ್ಲಿರುವಾಗಲೇ ಚಂಗಂಪುಳ ಅವರ ಆರೋಗ್ಯ ಕುಸಿಯಿತು. ಮೊದಲು ವಾತರೋಗ ಕಾಡಿತು, ಅದರ ಬೆನ್ನಿಗೆ ಕ್ಷಯ ಬಂತು. ಕೆಲಸ ಬಿಟ್ಟು ಇಡಪ್ಪಳ್ಳಿಯ ಮನೆಗೆ ಮರಳಿದರು. ಚಿಕಿತ್ಸೆಗೆ ಬೇಕಾದ ಹಣ ಕೈಯಲ್ಲಿರಲಿಲ್ಲ. ಅವರ ಕವಿತೆಗಳನ್ನು ಪ್ರೀತಿಸಿದ ಓದುಗರು ಊರೂರುಗಳಿಂದ ಹಣ ಕಳುಹಿಸಿದರು. ಕೊನೆಯ ದಿನಗಳಲ್ಲಿ ಅವರನ್ನು ತ್ರಿಶೂರ್‌ನ ಮಂಗಳೋದಯಂ ನರ್ಸಿಂಗ್ ಹೋಮ್‌ಗೆ ಸೇರಿಸಲಾಯಿತು. ಅಲ್ಲಿಯೇ ಕೊನೆಯುಸಿರೆಳೆದರು. ಅಂತ್ಯಕ್ರಿಯೆ ಹುಟ್ಟೂರು ಇಡಪ್ಪಳ್ಳಿಯಲ್ಲಿ ನಡೆಯಿತು.

ಕ್ಷಯ ಸೂಕ್ಷ್ಮ ಮನಸ್ಸಿನವರಿಗೆ, ಕವಿಗಳಿಗೆ ಬರುವ ಕಾಯಿಲೆ ಎಂಬ ಭಾವನೆ ಒಂದು ಕಾಲದಲ್ಲಿ ಲೋಕದ ತುಂಬ ಇತ್ತು. ಇಂಗ್ಲಿಷ್ ಕವಿ ಕೀಟ್ಸ್ 1821ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಇದರಿಂದಲೇ ತೀರಿಕೊಂಡರು. ನಮ್ಮ ಮುದ್ದಣ, ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, 1901ರಲ್ಲಿ ಕ್ಷಯಕ್ಕೆ ಬಲಿಯಾದಾಗ ಅವರಿಗೆ 31 ವರ್ಷ. ಆದರೆ ಅದೇ ವರ್ಷಗಳಲ್ಲಿ ಹೆಸರಿಲ್ಲದ ಲಕ್ಷಾಂತರ ಕೂಲಿಗಳು, ನೇಕಾರರು, ಬಾಣಂತಿಯರು ಇದೇ ರೋಗದಿಂದ ಸತ್ತರು. ಅರಮನೆಯನ್ನೂ ಅದು ಬಿಡಲಿಲ್ಲ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಎಂದು ನಾವು ಕರೆಯುವ ಆಸ್ಪತ್ರೆಗೆ ಹೆಸರಿಟ್ಟಿರುವುದು ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ. ಕ್ಷಯ ರೋಗಾಣುವಿನಿಂದ ಬರುತ್ತದೆ ಎಂದು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದೇ ತೋರಿಸಿದ್ದರು. ಆದರೆ ಶತ್ರು ಯಾರೆಂದು ಗೊತ್ತಾದ ಮೇಲೂ ಅದನ್ನು ಕೊಲ್ಲುವ ಔಷಧಕ್ಕೆ ಅರವತ್ತು ವರ್ಷ ಕಾಯಬೇಕಾಯಿತು.

ಆಗ ಇದ್ದ ಚಿಕಿತ್ಸೆ

ಚಂಗಂಪುಳ ಅವರ ಕಾಲದಲ್ಲಿ ಕ್ಷಯರೋಗಿಗೆ ಹೇಳುತ್ತಿದ್ದುದು ಮೂರು ಮಾತು: ಪೂರ್ಣ ವಿಶ್ರಾಂತಿ, ಶುದ್ಧ ಗಾಳಿ, ಒಳ್ಳೆಯ ಊಟ. ಇವು ಮೂರೂ ಸಿಗುವ ಜಾಗವೆಂದರೆ ಸ್ಯಾನಟೋರಿಯಂ. ಕೆಲವರಿಗೆ ಎದೆಯೊಳಗೆ ಸೂಜಿಯಿಂದ ಗಾಳಿ ತುಂಬಿಸಿ, ರೋಗ ಹಿಡಿದ ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡುವ ವಿಧಾನವೂ ಇತ್ತು. ರೋಗಾಣುವನ್ನು ನೇರವಾಗಿ ಕೊಲ್ಲುವ ಮದ್ದು ಇರಲಿಲ್ಲ. ಕೇರಳದ ಮೊದಲ ವೈದ್ಯಕೀಯ ಕಾಲೇಜು ತಿರುವನಂತಪುರದಲ್ಲಿ ಆರಂಭವಾದದ್ದೇ 1951ರಲ್ಲಿ. ಕವಿ ಆ ಊರಿನಲ್ಲಿ ಓದುವಾಗ ಅದು ಇರಲೇ ಇಲ್ಲ.

ತಿಂಗಳುಗಟ್ಟಲೆ ವಿಶ್ರಾಂತಿ ಎಂಬ ಸಲಹೆ ಕೇಳಲು ಸುಲಭ. ದುಡಿದರೆ ಮಾತ್ರ ಒಲೆ ಉರಿಯುವ ಮನೆಯಲ್ಲಿ ಅದನ್ನು ಪಾಲಿಸುವುದು ಹೇಗೆ? ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಈ ಇಕ್ಕಟ್ಟು ಗೊತ್ತು. ವೈದ್ಯರ ಚೀಟಿಯಲ್ಲಿ ಬರೆದದ್ದಕ್ಕೂ ಮನೆಯಲ್ಲಿ ಸಾಧ್ಯವಾಗುವುದಕ್ಕೂ ನಡುವೆ ಯಾವಾಗಲೂ ಒಂದು ಕಂದಕ ಇರುತ್ತದೆ.

ನಾಲ್ಕೂವರೆ ತಿಂಗಳ ಅಂತರ

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದರು. ಅದು ಕ್ಷಯದ ರೋಗಾಣುವನ್ನು ತಡೆಯುತ್ತದೆ ಎಂದು ಗೊತ್ತಾಯಿತು. ಆದರೆ ರೋಗಿ ಚೇತರಿಸಿಕೊಂಡದ್ದು ಔಷಧದಿಂದಲೋ, ತಾನಾಗಿಯೋ ಎಂದು ಹೇಳುವುದು ಹೇಗೆ? ಕ್ಷಯ ಕೆಲವರಲ್ಲಿ ಮದ್ದಿಲ್ಲದೆಯೂ ಇಳಿಯುತ್ತದೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಯೌವನದಲ್ಲಿ ಅವರಿಗೂ ಕ್ಷಯ ಬಂದಿತ್ತು. ವೈದ್ಯನಾಗಬೇಕೆಂಬ ಅವರ ಆಸೆ ಅದರಿಂದಲೇ ಮುರಿದಿತ್ತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಪರೀಕ್ಷೆಯಲ್ಲಿ 107 ರೋಗಿಗಳಿದ್ದರು. ಯಾರಿಗೆ ಔಷಧ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಆರು ತಿಂಗಳ ಕೊನೆಗೆ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ ತೀರಿಕೊಂಡಿದ್ದರು. ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರು. ಫಲಿತಾಂಶ 1948ರ ಅಕ್ಟೋಬರ್ 30ರಂದು ಪ್ರಕಟವಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಪರೀಕ್ಷೆಯಲ್ಲಿ ಚಂಗಂಪುಳ ಅವರಂಥ ರೋಗಿ ಇದ್ದರೆ? ಇರಲಿಲ್ಲ. ಮೊದಲು 15ರಿಂದ 25, ಆಮೇಲೆ 30 ವರ್ಷದವರೆಗಿನವರನ್ನು ಮಾತ್ರ ಸೇರಿಸಿಕೊಂಡಿದ್ದರು. ರೋಗ ಎರಡೂ ಶ್ವಾಸಕೋಶಗಳಲ್ಲಿ ಇರಬೇಕಿತ್ತು, ಹೊಸದಾಗಿ ಶುರುವಾದದ್ದಾಗಿರಬೇಕಿತ್ತು. ಎಲ್ಲರೂ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದವರು. 36 ವರ್ಷದ, ಮನೆಯಲ್ಲಿ ಮಲಗಿದ, ಸಂಸಾರದ ಹೊಣೆ ಹೊತ್ತ ರೋಗಿಗೆ ಈ ಫಲಿತಾಂಶ ಎಷ್ಟು ಅನ್ವಯಿಸುತ್ತದೆ ಎಂದು ಆ ಪರೀಕ್ಷೆ ಹೇಳುತ್ತಿರಲಿಲ್ಲ.

ಹೀಗೆ ಆಯ್ದು ತೆಗೆದುಕೊಳ್ಳುವುದು ತಪ್ಪಲ್ಲ. ಔಷಧದ ಗುಣ ಸ್ಪಷ್ಟವಾಗಿ ಕಾಣಬೇಕಾದರೆ ರೋಗಿಗಳು ಆದಷ್ಟು ಒಂದೇ ತರಹ ಇರಬೇಕು. ಆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಹೊರಗಿನ ಜಗತ್ತಿನಲ್ಲಿ ರೋಗಿಗಳು ಒಂದೇ ತರಹ ಇರುವುದಿಲ್ಲ. ಇನ್ನೊಂದು ಮಾತೂ ಬೇಗನೆ ಗೊತ್ತಾಯಿತು. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟರೆ ರೋಗಾಣು ಕೆಲವೇ ತಿಂಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು. ಆದ್ದರಿಂದ ಪಿಎಎಸ್ ಎಂಬ ಇನ್ನೊಂದು ಔಷಧವನ್ನು ಜೊತೆಗೆ ಕೊಡತೊಡಗಿದರು. 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ, ನುಂಗುವ ಮಾತ್ರೆ ಬಂತು. ಅಲ್ಲಿಗೆ ಮದ್ದಿನ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯಿತು. ಮನೆಯ ಪ್ರಶ್ನೆ ಉಳಿಯಿತು.

ಮದ್ರಾಸಿನಲ್ಲಿ ಸಿಕ್ಕ ಉತ್ತರ

1955ರಿಂದ 1958ರವರೆಗೆ ದೇಶದ ಹಲವೆಡೆ ನಡೆದ ಸಮೀಕ್ಷೆಯೊಂದು ಎಲ್ಲರ ಊಹೆಯನ್ನು ಸುಳ್ಳು ಮಾಡಿತು. ಕ್ಷಯ ನಗರದ ಕಾಯಿಲೆ ಎಂದು ತಿಳಿದಿದ್ದರು. ಹಳ್ಳಿಗಳಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. ಇಷ್ಟು ರೋಗಿಗಳಿಗೆ ಸ್ಯಾನಟೋರಿಯಂ ಹಾಸಿಗೆ ಒದಗಿಸುವುದು ದೇಶಕ್ಕೆ ಅಸಾಧ್ಯವಾಗಿತ್ತು. ಹಾಗಾದರೆ ಮನೆಯಲ್ಲೇ ಚಿಕಿತ್ಸೆ ಕೊಡಬಹುದೆ? ಕಿರಿದಾದ ಕೋಣೆಯಲ್ಲಿ, ಅರೆಹೊಟ್ಟೆಯಲ್ಲಿರುವ ರೋಗಿ ಗುಣವಾಗುತ್ತಾನೆಯೆ? ಮನೆಯ ಮಕ್ಕಳಿಗೆ ಅಂಟದೆ?

ಇದನ್ನು ತಿಳಿಯಲು 1956ರಲ್ಲಿ ಮದ್ರಾಸಿನ ಚೆಟ್‌ಪೇಟೆಯಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಮಂಡಳಿ ಕೈಜೋಡಿಸಿದವು. ಬ್ರಿಟಿಷ್ ವೈದ್ಯ ವಾಲೇಸ್ ಫಾಕ್ಸ್ ನೇತೃತ್ವ ವಹಿಸಿದರು. ನಗರದ ಬಡ ಬಡಾವಣೆಗಳ ರೋಗಿಗಳಲ್ಲಿ ಒಂದು ಗುಂಪನ್ನು ಸ್ಯಾನಟೋರಿಯಂಗೆ ಸೇರಿಸಿದರು. ಇನ್ನೊಂದು ಗುಂಪು ತಮ್ಮ ತಮ್ಮ ಮನೆಯಲ್ಲೇ ಇತ್ತು. ಎರಡೂ ಗುಂಪಿಗೆ ಒಂದು ವರ್ಷ ಅದೇ ಎರಡು ಔಷಧ, ಐಸೋನಿಯಾಜಿಡ್ ಮತ್ತು ಪಿಎಎಸ್.

ಸ್ಯಾನಟೋರಿಯಂನವರಿಗೆ ಊಟ ಚೆನ್ನಾಗಿತ್ತು, ವಿಶ್ರಾಂತಿ ಇತ್ತು, ತೂಕವೂ ಹೆಚ್ಚು ಏರಿತು. ಮನೆಯಲ್ಲಿದ್ದವರು ಬೇಗನೆ ಕೆಲಸಕ್ಕೆ ಮರಳಿದರು, ಅವರ ಊಟ ಬಡವರ ಊಟವೇ ಆಗಿತ್ತು. ಆದರೂ ವರ್ಷದ ಕೊನೆಗೆ ರೋಗ ಹತೋಟಿಗೆ ಬಂದವರು ಸ್ಯಾನಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ ನೂರಕ್ಕೆ 86. ವ್ಯತ್ಯಾಸ ಚಿಕ್ಕದು. ಮನೆಯವರನ್ನು ಐದು ವರ್ಷ ಗಮನಿಸಿದಾಗ, ರೋಗಿ ಮನೆಯಲ್ಲೇ ಉಳಿದನೆಂಬ ಕಾರಣಕ್ಕೆ ಹೆಚ್ಚು ಮಂದಿಗೆ ಕ್ಷಯ ಬಂದದ್ದು ಕಾಣಲಿಲ್ಲ. ಸೋಂಕಿನ ಅಪಾಯ ಹೆಚ್ಚಾಗಿ ಇದ್ದದ್ದು ರೋಗ ಪತ್ತೆಯಾಗುವ ಮೊದಲಿನ ದಿನಗಳಲ್ಲಿ.

1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನಾದ್ಯಂತ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಇಂದು ನಮ್ಮ ಮನೆಯ ರೋಗಿ ಮಾತ್ರೆಯ ಪಟ್ಟಿ ಹಿಡಿದು ಮನೆಗೆ ಬರುತ್ತಾನಲ್ಲ, ಅದರ ಹಿಂದೆ ಮದ್ರಾಸಿನ ಆ ಬಡ ಮನೆಗಳಿವೆ. ಚಂಗಂಪುಳ ಕಾನೂನು ಓದಲು ಹೋಗಿದ್ದ ಊರೂ ಅದೇ. ಅವರು ತೀರಿಕೊಂಡ ಹನ್ನೊಂದು ವರ್ಷಕ್ಕೆ ಈ ಉತ್ತರ ಸಿಕ್ಕಿತು.

ತುಮಕೂರು ಹೇಳಿದ ಸತ್ಯ

ಅದೇ 1959ರ ಸೆಪ್ಟೆಂಬರ್ 16ರಂದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಪ್ರಧಾನಿ ನೆಹರು ಉದ್ಘಾಟಿಸಿದರು. ಆಗ ತಜ್ಞರಲ್ಲಿ ಒಂದು ನಂಬಿಕೆ ಬಲವಾಗಿತ್ತು: ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ನಾವೇ ಎಕ್ಸ್‌ರೇ ಗಾಡಿ ತೆಗೆದುಕೊಂಡು ಊರೂರು ತಿರುಗಬೇಕು.

ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇರುವವರನ್ನು ಹುಡುಕಿ ಮಾತಾಡಿಸಿದರು. ಬಹುತೇಕ ಎಲ್ಲರಿಗೂ ತಮಗೆ ಕೆಮ್ಮು, ಜ್ವರ ಇರುವುದು ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕದ್ದು ಒಂದು ಬಾಟಲಿ ಕೆಮ್ಮಿನ ಔಷಧ. ಕಫ ಪರೀಕ್ಷೆ ಆಗಿರಲಿಲ್ಲ.

1963ರಲ್ಲಿ ಪ್ರಕಟವಾದ ಈ ಅಧ್ಯಯನ ಯಾವ ಹೊಸ ಔಷಧವನ್ನೂ ಪರೀಕ್ಷಿಸಲಿಲ್ಲ. ರೋಗಿಯ ಜೊತೆ ಕೂತು, ಅವನು ನಡೆದ ದಾರಿ ಕೇಳಿತು, ಅಷ್ಟೆ. ಆದರೆ ತಪ್ಪು ಹಳ್ಳಿಯವರದ್ದಲ್ಲ, ವ್ಯವಸ್ಥೆಯದ್ದು ಎಂದು ತೋರಿಸಿಕೊಟ್ಟಿತು. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಕೆಮ್ಮಿರುವವರ ಕಫ ಪರೀಕ್ಷೆ ಆಗಬೇಕು, ಅಲ್ಲಿಂದಲೇ ಮಾತ್ರೆ ಸಿಗಬೇಕು ಎಂಬ ವಿಚಾರ 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ತಳಹದಿಯಾಯಿತು. ಇಂದಿಗೂ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಆಶಾ ಕಾರ್ಯಕರ್ತೆ ಹೇಳುವ ಮಾತಿನ ಹಿಂದೆ ತುಮಕೂರಿನ ಹಳ್ಳಿಗರ ಅನುಭವವಿದೆ.

ಬಾಳೆಗೊನೆಯ ಕವಿತೆ ಮತ್ತು ಅಕ್ಕಿಯ ಚೀಲ

ಚಂಗಂಪುಳ ಅವರ ಹೆಸರಾಂತ ಕವಿತೆಗಳಲ್ಲಿ ಒಂದು ವಾಳಕ್ಕುಲ, ಅಂದರೆ ಬಾಳೆಗೊನೆ. ದಲಿತ ಕೂಲಿಯೊಬ್ಬ ತನ್ನ ಗುಡಿಸಲ ಅಂಗಳದಲ್ಲಿ ಬಾಳೆ ನೆಡುತ್ತಾನೆ. ಹಸಿದ ಮಕ್ಕಳು ಅದು ಹಣ್ಣಾಗುವುದನ್ನೇ ದಿನಾ ಕಾಯುತ್ತಾರೆ. ಗೊನೆ ಬಲಿತಾಗ ಅದು ಒಡೆಯನ ಪಾಲಾಗುತ್ತದೆ. ಹಸಿವು ಮತ್ತು ಅನ್ಯಾಯದ ಬಗ್ಗೆ ಬರೆದ ಈ ಕವಿ ಕ್ಷಯದಿಂದ ಸತ್ತದ್ದು ಆಕಸ್ಮಿಕವಿರಬಹುದು. ಆದರೆ ಹಸಿವಿಗೂ ಕ್ಷಯಕ್ಕೂ ಇರುವ ನಂಟು ಆಕಸ್ಮಿಕವಲ್ಲ.

ಆ ನಂಟನ್ನು ಅಳೆದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು. ಜಾರ್ಖಂಡ್‌ನಲ್ಲಿ ನಡೆದ ಈ ಅಧ್ಯಯನದ ಹೆಸರು ರೇಷನ್ಸ್. 2,800 ಕ್ಷಯರೋಗಿಗಳು, ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನ ಇದರಲ್ಲಿದ್ದರು. ರೋಗಿಗಳೆಲ್ಲರಿಗೂ ತಿಂಗಳಿಗೆ ಸುಮಾರು 10 ಕಿಲೋ ಆಹಾರದ ಚೀಲ ಕೊಟ್ಟರು. ಅರ್ಧ ಪ್ರದೇಶಗಳಲ್ಲಿ ಮನೆಯ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಸಿಕ್ಕಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ನೂರಕ್ಕೆ 40ರಷ್ಟು ಕಡಿಮೆಯಾಗಿತ್ತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆ ಎಂಬುದೂ ಕಂಡಿತು.

ಮದ್ರಾಸಿನ ಅಧ್ಯಯನ ಊಟ ಸಾಲದಿದ್ದರೂ ಔಷಧ ಕೆಲಸ ಮಾಡುತ್ತದೆ ಎಂದಿತ್ತು. ಜಾರ್ಖಂಡ್‌ನ ಅಧ್ಯಯನ ಊಟವೂ ಜೀವ ಉಳಿಸುತ್ತದೆ, ಮನೆಯವರನ್ನು ಕಾಪಾಡುತ್ತದೆ ಎಂದು ಸೇರಿಸಿತು. ಎರಡೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ರೋಗಿಗೆ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ.

ಅಸ್ತಮಾ, ಸಿಒಪಿಡಿ ಇರುವವರಿಗೂ ಇದೇ ಮಾತು

ಔಷಧದ ಪರೀಕ್ಷೆಯಲ್ಲಿ ನಮ್ಮಂಥವರು ಇರುವುದಿಲ್ಲ ಎಂಬ ಸಮಸ್ಯೆ ಕ್ಷಯಕ್ಕೆ ಮಾತ್ರ ಸೇರಿದ್ದಲ್ಲ. ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್‌ನಲ್ಲಿ ಅಸ್ತಮಾ ಇರುವ ಸಾಮಾನ್ಯ ಜನರನ್ನು ಆರಿಸಿ, ಅಸ್ತಮಾದ ಪ್ರಮುಖ ಪರೀಕ್ಷೆಗಳ ನಿಯಮಗಳಿಗೆ ಹೋಲಿಸಿ ನೋಡಿದರು. ಸಾಮಾನ್ಯವಾಗಿ ನೂರರಲ್ಲಿ ಸುಮಾರು 4 ಮಂದಿ ಮಾತ್ರ ಅಂಥ ಪರೀಕ್ಷೆಗೆ ಅರ್ಹರಾಗುತ್ತಿದ್ದರು. ಧೂಮಪಾನ ಮಾಡುವವರು, ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಹೊರಗುಳಿಯುತ್ತಿದ್ದರು. ಇನ್‌ಹೇಲರ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಪರೀಕ್ಷೆಯಲ್ಲಿ ರೋಗಿಗೆ ಇನ್‌ಹೇಲರ್ ಎಳೆಯುವುದನ್ನು ಕಲಿಸುತ್ತಾರೆ, ಮರೆತರೆ ನೆನಪಿಸುತ್ತಾರೆ. ಮನೆಯಲ್ಲಿ ಎಷ್ಟೋ ಮಂದಿ ತಪ್ಪಾಗಿ ಎಳೆಯುತ್ತಾರೆ, ಉಸಿರಾಟ ಸರಿಹೋದ ಕೂಡಲೇ ಬಿಟ್ಟುಬಿಡುತ್ತಾರೆ.

ಇದಕ್ಕೆ ಪರಿಹಾರವಾಗಿ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಸಿಒಪಿಡಿ ಇರುವ ಸುಮಾರು 2,800 ಮಂದಿಯನ್ನು ಅವರ ಮಾಮೂಲಿ ವೈದ್ಯರು, ಮಾಮೂಲಿ ಔಷಧದ ಅಂಗಡಿಗಳ ಮೂಲಕವೇ ಒಂದು ವರ್ಷ ಗಮನಿಸಿದರು. ದಿನಕ್ಕೆ ಒಮ್ಮೆ ಎಳೆಯುವ ಇನ್‌ಹೇಲರ್ ಪಡೆದವರಲ್ಲಿ ರೋಗ ಉಲ್ಬಣಿಸುವುದು ನೂರಕ್ಕೆ 8ರಷ್ಟು ಕಡಿಮೆಯಾಗಿತ್ತು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಲಾಭ ದೊಡ್ಡದಲ್ಲ, ಆದರೆ ಅದು ನಿಜವಾದ ರೋಗಿಗಳಲ್ಲಿ ಕಂಡ ಲಾಭ.

ನೈಜ ಬದುಕಿನ ಸಂಶೋಧನೆಗೂ ಮಿತಿಗಳಿವೆ. ಬರೀ ದಾಖಲೆ ನೋಡಿ ಎರಡು ಔಷಧಗಳನ್ನು ಹೋಲಿಸಿದರೆ ಮೋಸಹೋಗುವ ಸಾಧ್ಯತೆ ಇದೆ. ವೈದ್ಯರು ಬಲವಾದ ಔಷಧವನ್ನು ಹೆಚ್ಚು ನರಳುತ್ತಿರುವವರಿಗೆ ಕೊಟ್ಟಿರುತ್ತಾರೆ. ಅಂಥವರಲ್ಲಿ ಸಾವು ಹೆಚ್ಚಿದ್ದರೆ ಔಷಧವೇ ಕೆಟ್ಟದ್ದು ಎಂದು ಕಾಣಬಹುದು. ಹಾಗಾಗಿ ಚೀಟಿ ಎತ್ತಿ ಗುಂಪು ಮಾಡುವ ಪರೀಕ್ಷೆಯೂ ಬೇಕು, ಹೊರಗಿನ ಬದುಕಿನ ಅಧ್ಯಯನವೂ ಬೇಕು. ಮದ್ರಾಸ್ ಮತ್ತು ಜಾರ್ಖಂಡ್‌ನ ಅಧ್ಯಯನಗಳ ಬಲವೇ ಅದು. ಅವು ಚೀಟಿ ಎತ್ತಿಯೇ ಗುಂಪು ಮಾಡಿದವು, ಆದರೆ ಆಸ್ಪತ್ರೆಯ ಕೋಣೆಯಲ್ಲಲ್ಲ, ಜನರ ಮನೆಗಳಲ್ಲಿ.

ನೀವು ಗಮನಿಸಬೇಕಾದದ್ದು

ಕೆಮ್ಮು ಎರಡು ವಾರ ದಾಟಿದರೆ, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ ಇದ್ದರೆ ಕೆಮ್ಮಿನ ಸಿರಪ್‌ಗೆ ತೃಪ್ತರಾಗಬೇಡಿ. ಕಫ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಒಂದು ತಿಂಗಳಲ್ಲೇ ಕೆಮ್ಮು ನಿಂತು, ಹಸಿವು ಮರಳಿ, ರೋಗಿ ತಾನು ಗುಣವಾದೆ ಎಂದುಕೊಳ್ಳುತ್ತಾನೆ. ಆಗ ಮಾತ್ರೆ ಬಿಟ್ಟರೆ ಉಳಿದ ರೋಗಾಣುಗಳು ಮದ್ದಿಗೆ ಬಗ್ಗದಂತಾಗಬಹುದು. ಕೊನೆಯ ಮಾತ್ರೆಯವರೆಗೂ ಜೊತೆಗಿರುವುದೇ ಮನೆಯವರು ಮಾಡಬಹುದಾದ ದೊಡ್ಡ ಸಹಾಯ.

ರೋಗಿಯನ್ನು ಮನೆಯಿಂದ ದೂರ ಇಡಬೇಕಿಲ್ಲ. ಸರಿಯಾದ ಚಿಕಿತ್ಸೆ ಶುರುವಾದ ಮೇಲೆ ಹರಡುವಿಕೆ ಬೇಗನೆ ಕಡಿಮೆಯಾಗುತ್ತದೆ. ಮೊದಲ ವಾರಗಳಲ್ಲಿ ಮಾಸ್ಕ್ ಹಾಕಲಿ, ಕೆಮ್ಮುವಾಗ ಬಾಯಿ ಮುಚ್ಚಲಿ, ಕಿಟಕಿ ತೆರೆದಿಡಿ. ತಟ್ಟೆ, ಲೋಟ ಬೇರೆ ಮಾಡುವ ಅಗತ್ಯವಿಲ್ಲ. ಮನೆಯ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ. ರೋಗ ಬರದಂತೆ ತಡೆಯುವ ಮಾತ್ರೆಯ ಬಗ್ಗೆ, ಮುಖ್ಯವಾಗಿ ಚಿಕ್ಕ ಮಕ್ಕಳಿದ್ದರೆ, ವೈದ್ಯರನ್ನು ಕೇಳಿ. ಪ್ರತಿ ತಿಂಗಳು ರೋಗಿಯ ತೂಕ ಬರೆದಿಡಿ. ತೂಕ ಏರದಿದ್ದರೆ ವೈದ್ಯರಿಗೆ ತಿಳಿಸಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಔಷಧದ ಅಡ್ಡಪರಿಣಾಮವನ್ನು 1800-180-3024 ಉಚಿತ ಸಂಖ್ಯೆಗೂ ತಿಳಿಸಬಹುದು. ಅಂಥ ಪ್ರತಿಯೊಂದು ವರದಿಯೂ ನೈಜ ಬದುಕಿನ ಸಾಕ್ಷ್ಯವೇ. ಕ್ಷಯದ ಬಗ್ಗೆ ಮಾಹಿತಿಗೆ ನಿಕ್ಷಯ್ ಸಹಾಯವಾಣಿ 1800-11-6666.

ನಿಮ್ಮನ್ನು ಯಾವುದಾದರೂ ಅಧ್ಯಯನಕ್ಕೆ ಸೇರಲು ಕೇಳಿದರೆ ಹೆದರಬೇಡಿ, ಕೇಳದೆ ಒಪ್ಪಲೂ ಬೇಡಿ. ಏನು ಮಾಡುತ್ತಾರೆ, ನನ್ನ ಮಾಹಿತಿ ಯಾರ ಕೈಗೆ ಹೋಗುತ್ತದೆ, ನೈತಿಕ ಸಮಿತಿಯ ಒಪ್ಪಿಗೆ ಇದೆಯೆ ಎಂದು ವಿಚಾರಿಸಿ. ಬೇಡವೆನ್ನುವ ಹಕ್ಕು, ನಡುವೆ ಬಿಟ್ಟು ಬರುವ ಹಕ್ಕು ನಿಮಗಿದೆ. ಬೇಡವೆಂದರೂ ನಿಮ್ಮ ಚಿಕಿತ್ಸೆಗೆ ಕುಂದು ಬರಬಾರದು.

ಚಂಗಂಪುಳ ಅವರ ಚಿಕಿತ್ಸೆಗೆ ಓದುಗರು ಕಳುಹಿಸಿದ ಹಣದಿಂದ ಅವರ ರೋಗವನ್ನು ಗುಣಪಡಿಸುವ ಮದ್ದನ್ನು ಕೊಳ್ಳುವ ಕಾಲ ಅದಾಗಿರಲಿಲ್ಲ. ಇಂದು ಅದೇ ರೋಗಕ್ಕೆ ಮದ್ದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಆ ದಾರಿಯನ್ನು ವಿಜ್ಞಾನಿಗಳಷ್ಟೇ ಮಾಡಲಿಲ್ಲ. ಮದ್ರಾಸಿನ ಬಡ ಬಡಾವಣೆಗಳ, ತುಮಕೂರಿನ ಹಳ್ಳಿಗಳ, ಜಾರ್ಖಂಡ್‌ನ ಗುಡಿಸಲುಗಳ ರೋಗಿಗಳು ಮತ್ತು ಅವರ ಮನೆಯವರು ಬಾಗಿಲು ತೆರೆದು ತಮ್ಮ ಬದುಕನ್ನು ತೋರಿಸಿದ್ದರಿಂದ ಅದು ಸಾಧ್ಯವಾಯಿತು. ಮೂವತ್ತಾರಕ್ಕೇ ಹೋದ ಕವಿಯ ಕಾಲಕ್ಕೆ ಅದು ಇರಲಿಲ್ಲ. ನಿಮ್ಮ ಮನೆಯ ರೋಗಿಗೆ ಅದು ಇದೆ. ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸಬೇಡಿ.